ಕುದುರೆಯ ಹಿಂಗಾಲು

ನಮ್ಮ ತಂಡ ವರ್ಷಗಳಿಂದ ಶಾಲೆಗಳಲ್ಲಿ ಆಡುವ ಮಕ್ಕಳ ನಾಟಕದ ಬಟ್ಟೆಯ ಕುದುರೆಯಲ್ಲಿ ಮುಂಗಾಲು ನನ್ನ ಹೆಂಡತಿ, ಹಿಂಗಾಲು ನಾನು. ತಲೆ, ಕಿವಿ, ಕೆನೆಯುವ ಸೌಭಾಗ್ಯ ಎಲ್ಲ ಅವಳದೇ. ನಾನು ಬಗ್ಗಿ, ಅವಳ ಸೊಂಟ ಹಿಡಿದು, ದಪ್ಪ ಬಟ್ಟೆಯ ಕತ್ತಲಲ್ಲಿ ಬೆವರು ಸುರಿಸುವವನು. ಹಾಗಂತ ಬೇಜಾರೇನಿರಲಿಲ್ಲ. ಹಿಂಗಾಲಿಲ್ಲದೆ ಕುದುರೆ ಎಲ್ಲಿಯದು ಎಂದು ಮೀಸೆ ತಿರುವಿಕೊಂಡೇ ಇದ್ದೆ.

ನಾಟಕದ ಹಿಂದಿನ ದಿನ ತಾಲೀಮಿನಲ್ಲಿ ಮುಂಗಾಲು ಎಡಕ್ಕೆ ತಿರುಗಿತು, ಹಿಂಗಾಲು ಬಲಕ್ಕೆ ಹೊರಟಿತು. ನನ್ನ ಪಾದ ಅಲ್ಲೇ ಊರಿಕೊಂಡು, ಮಂಡಿ ಮಾತ್ರ ತಿರುಚಿಕೊಂಡಿತು. ಕುದುರೆ ನಡುವಿಗೆ ಹರಿದು ಎರಡಾಯಿತು. ಸಂಜೆಗೆ ಮಂಡಿ ಕುಂಬಳಕಾಯಿಯ ಹಾಗೆ ಊದಿತ್ತು.

ಅಮ್ಮ ಬಿಸಿ ಎಣ್ಣೆ ಹಿಡಿದು ಆಸ್ಪತ್ರೆಗೂ ಬಂದಳು.

“ಎಣ್ಣೆ ಬದಿಗಿಡಿ ಅಮ್ಮಾ, ಈಗ ಉಜ್ಜಿದ್ರೆ ಊತ ಇನ್ನೂ ಜಾಸ್ತಿ ಆಗತ್ತೆ,” ಎಂದರು ಡಾಕ್ಟರಮ್ಮ. ಕಾಲನ್ನು ಎಳೆದು, ಮಡಚಿ, ಅಲ್ಲಾಡಿಸಿ ನೋಡಿದರು. “ಪುಣ್ಯಕ್ಕೆ ಏನೂ ಹರಿದಿಲ್ಲ. ಒಳಬದಿಯ ಲಿಗಮೆಂಟು ಉಳುಕಿದೆ. ಐಸನ್ನ ಬಟ್ಟೇಲಿ ಸುತ್ತಿ ಇಡಿ, ಬರೀ ಚರ್ಮದ ಮೇಲೆ ಬೇಡ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲು ಎತ್ತರದಲ್ಲಿ ಇಟ್ಕೊಂಡು ಕೂತ್ಕೊಳ್ಳಿ. ನೋವು ಇಳಿದ ಮೇಲೆ ತೊಡೆ ಗಟ್ಟಿ ಮಾಡೋ ವ್ಯಾಯಾಮ ಹೇಳ್ಕೊಡ್ತೀನಿ.”

“ನಾಳೆ ನಾನು ಕುದುರೆ ಆಗ್ಬೇಕು ಡಾಕ್ಟ್ರೇ.”

“ಏನಾಗ್ಬೇಕು?”

ಹೆಂಡತಿ ವಿವರಿಸಿದಳು. ಡಾಕ್ಟರಮ್ಮ ಮೇಜು ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, “ಕುದುರೇನೂ ಬೇಡ, ಕತ್ತೇನೂ ಬೇಡ,” ಎಂದರು.

“ಅಷ್ಟೇ ತಾನೆ? ಹಿಂಗಾಲು ನಾನಾಗ್ತೀನಿ,” ಎಂದಳು ಅಮ್ಮ.

“ಈ ವಯಸ್ಸಲ್ಲಿ?” ಎಂದೆ.

“ಮೊದ್ಲು ನನ್ನ ಮಂಡಿ ನೋಡೋ!” ಎಂದವಳೇ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಯಾವುದನ್ನೂ ಹಿಡಿಯದೆ ಎದ್ದು ನಿಂತಳು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನಾನು ಮಾತ್ರ ತಟ್ಟಲಿಲ್ಲ. ಒಂದೇ ದಿನದಲ್ಲಿ ಯಾರು ಬೇಕಾದರೂ ಹಿಂಗಾಲಾಗಬಹುದಾದರೆ, ಇಷ್ಟು ವರ್ಷ ನಾನಿದ್ದದ್ದು ಯಾವ ಪುರುಷಾರ್ಥಕ್ಕೆ? ಹೆಂಡತಿಗೆ ನಾನಿಲ್ಲದೆಯೂ ನಡೆಯುತ್ತದೆಯೇ? ಹೆದರಿಕೆಯಾಯಿತು.

ಮರುದಿನ ಶಾಲೆಯ ಸಭಾಂಗಣದ ಮೊದಲ ಸಾಲಿನಲ್ಲಿ ಕೂತೆ, ಕಾಲು ಎದುರು ಕುರ್ಚಿಯ ಮೇಲೆ, ಮಂಡಿಯ ಮೇಲೆ ಐಸು. ನಮ್ಮ ಕುದುರೆಯನ್ನು ನಾನು ನೋಡಿದ್ದು ಅದೇ ಮೊದಲು. ಎಂಥ ಚೆಂದದ ಪ್ರಾಣಿ! ಹಿಂಗಾಲಿಗೆ ಮುಂಗಾಲನ್ನು ಹಿಂದೆ ಹಾಕುವ ಆತುರ. ರಾಜ ಹತ್ತಲು ಬಂದರೆ ಹಿಂಭಾಗ ತನ್ನ ಪಾಡಿಗೆ ತಾನು ಕೂತುಬಿಟ್ಟಿತು, ಮುಂಭಾಗ ನಿಂತೇ ಕೆನೆಯುತ್ತಿತ್ತು. ಮಂತ್ರಿ ಎಬ್ಬಿಸಲು ಹೋಗಿ ಪೃಷ್ಠಕ್ಕೆ ಒದೆ ತಿಂದ. ಇದ್ಯಾವುದೂ ನಾಟಕದಲ್ಲಿರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ನಕ್ಕ ರಭಸಕ್ಕೆ ಐಸಿನ ಗಂಟು ಪಕ್ಕದ ಹೆಡ್‌ಮಾಸ್ಟರ ಮಡಿಲಿಗೆ ಹಾರಿತು. ನಗುನಗುತ್ತಲೇ ನನ್ನ ಹಿಂಗಾಲಿನ ಕೆಲಸ ಹೋಯಿತು ಎಂದುಕೊಂಡೆ.

ನಾಟಕ ಮುಗಿದ ಮೇಲೆ ಕುಂಟುತ್ತ ಪರದೆಯ ಹಿಂದೆ ಹೋದೆ. ಅಮ್ಮ ಬೆವರಿನಲ್ಲಿ ತೊಯ್ದು ಕೂತಿದ್ದಳು.

“ಭೇಷಾಯ್ತಮ್ಮ. ಇನ್ಮೇಲೆ ನೀನೇ ಮಾಡು,” ಎಂದೆ, ಮುಖ ಊದಿಸಿಕೊಂಡು.

“ಅಯ್ಯೋ, ನನ್ನ ಕೈಲಾಗಲ್ಲಪ್ಪಾ! ಶುರುವಿಂದ ಕೊನೇವರೆಗೂ ನಿನ್ನ ಹೆಂಡ್ತಿ ನನ್ನ ‘ರೀ’ ಅಂತ್ಲೇ ಕರೆದ್ಲು ಕಣೋ. ‘ರೀ, ನಿಧಾನ. ರೀ, ನೋವಾಗ್ತಿದ್ಯಾ? ರೀ, ಭಾರ ನನ್ನ ಮೇಲೆ ಬಿಡಿ.’ ‘ನಾನು ಕಣೇ, ನಿಮ್ಮತ್ತೆ’ ಅಂದ್ರೆ ‘ಹೂಂ’ ಅಂತಾಳೆ, ಮತ್ತೆ ‘ರೀ’ ಅಂತಾಳೆ! ಗಾಬರಿಗೆ ನಾನು ಕೂತೇಬಿಟ್ಟೆ.”

ಹೆಂಡತಿ ಕುದುರೆಯ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಕಿವಿಯೆಲ್ಲ ಕೆಂಪು. ನನ್ನ ಕಡೆ ನೋಡಲೇ ಇಲ್ಲ. ನನಗೋ ಕುಣಿಯಬೇಕೆನ್ನುವಷ್ಟು ಖುಷಿ, ಕುಣಿಯುವ ಹಾಗಿಲ್ಲ.

“ಅತ್ತೆ, ನಾಳೆ ಆಟಕ್ಕೂ ನೀವೇ ಬರ್ಬೇಕು,” ಎಂದಳು ಮೆಲ್ಲಗೆ.

“ಬರ್ತೀನಿ ಮಾರಾಯ್ತಿ,” ಎಂದಳು ಅಮ್ಮ. “ಆದ್ರೆ ಇವನು ಹೇಗಿದಾನೆ ಅಂತ ಇವನನ್ನೇ ಕೇಳ್ಕೊಂಡು ಆಮೇಲೆ ಕುದುರೆ ಒಳಗೆ ಬಾ.”