ಕೂಗಬಾರದ ಹೆಸರಿನ ನಾಯಿ

ಲೋರ್ನಾಳ ಅಂಗಳದಲ್ಲಿ ನಾಯಿಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅವಳ ಲೆಕ್ಕದಲ್ಲಿ ನಾಯಿ ಅಂದರೆ ಒಂದೇ, ಆ ಹಳದಿಯದು. ಉಳಿದವು ತಟ್ಟೆಯ ಸದ್ದಾದರೆ ಸಾಕು ಓಡಿಬರುವ ಬಡಪಾಯಿಗಳು. ಹಳದಿಯನ್ನು ಮಾತ್ರ ಹೆಸರು ಹಿಡಿದು ಕರೆಯಬೇಕು. ಇಲ್ಲದಿದ್ದರೆ ಕಾಂಗರೂ ಬಾಲ ಸುಟ್ಟು ಮೂಗಿನ ಕೆಳಗೆ ಹಿಡಿದರೂ ದೊಡ್ಡ ಸಾಹೇಬರ ಹಾಗೆ ಮುಖ ತಿರುಗಿಸುತ್ತಿತ್ತು. ಯಾರದೇ ಕಾರಿನ ಬಾಗಿಲು ತೆರೆದಿರಲಿ, ಮುಂದಿನ ಸೀಟಿನಲ್ಲಿ ಹೋಗಿ ಕೂತು ರಸ್ತೆ ನೋಡುತ್ತಿತ್ತು. ಒಮ್ಮೆ ಕ್ಲಿನಿಕ್ಕಿನ ನರ್ಸಮ್ಮ ಅದನ್ನು ಇಳಿಸಲಾಗದೆ ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದವರೆಗೂ ಕರೆದೊಯ್ದು ವಾಪಸು ತಂದುಬಿಟ್ಟಿದ್ದಳು. ಚಳಿಗಾಲದಲ್ಲಿ ಲೋರ್ನಾಳ ಕಂಬಳಿಯೊಳಗೆ ಮೊದಲ ಜಾಗ ಅದರದು. ಮಿಕ್ಕ ಜಾಗದಲ್ಲಿ ಅವಳು ಹೊಂದಿಕೊಳ್ಳಬೇಕು.

ಅದರ ಹೆಸರೇನು ಅಂತ ಮಾತ್ರ ಕೇಳಬೇಡಿ. ನಾನೂ ಬರೆಯುವ ಹಾಗಿಲ್ಲ.

ಆ ಹೆಸರಿಟ್ಟವನು ಪಕ್ಕದ ಮನೆಯ ಡಲ್ಸಿಯ ಗಂಡ, ವರಸೆಯಲ್ಲಿ ಲೋರ್ನಾಗೆ ಮೈದುನ. ಕಣ್ಣು ಬಿಡದ ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡವನೇ ತನ್ನ ಹೆಸರನ್ನೇ ಅದಕ್ಕೆ ಕೊಟ್ಟುಬಿಟ್ಟ. "ಅತ್ತಿಗೆ, ಇನ್ಮೇಲೆ ನನ್ನ ಎಷ್ಟು ಬೇಕಾದ್ರೂ ಬೈಕೋ. ನಾಯಿಗೆ ಬೈತಿದ್ದೀಯ ಅನ್ಕೊಂಡು ಸುಮ್ನಿರ್ತೀನಿ," ಅಂದ. ಸುಮ್ಮನಿರುವ ಆಸಾಮಿಯೇ ಅವನು? ರೊಟ್ಟಿ ಕದ್ದ ನಾಯಿಯನ್ನು ಲೋರ್ನಾ ಹೆಸರು ಹಿಡಿದು ಬೈದಾಗಲೆಲ್ಲ ಬೇಲಿಯಾಚೆಯಿಂದ, "ನಾನಲ್ಲ ಅತ್ತಿಗೆ, ನಾನಿನ್ನೂ ಟೀ ಕುಡೀತಿದ್ದೀನಿ," ಎಂದು ಉತ್ತರ ಬರುತ್ತಿತ್ತು. ಎಷ್ಟೋ ಸಲ ನಾಯಿಯೂ ಅವನೂ ಜೊತೆಯಲ್ಲೇ ಬಂದು ನಿಂತು ಹಲ್ಲು ಕಿರಿಯುತ್ತಿದ್ದರು. ಲೋರ್ನಾಗೆ ಬೈಗುಳ ಮರೆತೇಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಅವನು ತೀರಿಕೊಂಡ. ಅವನೊಂದಿಗೆ ಹೆಸರೂ ಹೋಯಿತು. ಆ ಮರುಭೂಮಿಯ ಆದಿವಾಸಿಗಳಲ್ಲಿ ಸತ್ತವರ ಹೆಸರನ್ನು ಬಾಯಲ್ಲಿ ಎತ್ತಬಾರದು, ಎತ್ತಿದರೆ ಉಳಿದವರ ಸಂಕಟ ಕೆದಕಿದ ಹಾಗೆ. ಅದೇ ಹೆಸರಿನವರು ಬೇರೆ ಯಾರಿದ್ದರೂ ಅವರನ್ನು ಕುಮಂಜಾಯಿ ಅನ್ನಬೇಕು, ಅಂದರೆ ಹೆಸರು ಕರೆಯಬಾರದವರು ಅಂತ. ಡಲ್ಸಿ ಮನೆಗೆ ಬೀಗ ಹಾಕಿ ಊರಾಚೆಯ ವಿಧವೆಯರ ಬಿಡಾರ ಸೇರಿದಳು. ಅವಳಂತೂ ಮಾತನ್ನೇ ಬಿಟ್ಟಿದ್ದಳು. ಸೂತಕ ಕಳೆದು ಹಿರಿಯ ಹೆಂಗಸರು ಬಾಯಿ ಬಿಡಿಸುವವರೆಗೆ ಅವಳ ಮಾತೆಲ್ಲ ಕೈಸನ್ನೆಯಲ್ಲೇ.

ಇದನ್ನೆಲ್ಲ ನಾಯಿಗೆ ತಿಳಿಸಿ ಹೇಳುವವರು ಯಾರು?

ಲೋರ್ನಾ "ಕುಮಂಜಾಯಿ" ಎಂದು ಕರೆದಳು. ಅದು ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿತು. ಊರಲ್ಲಿ ಎಲ್ಲರಿಗೂ ಇರುವಂತೆ ನಾಯಿಗಳಿಗೂ ವರಸೆಯ ಹೆಸರಿದೆ, ಒಂದೇ ಹೆಸರು ಎಷ್ಟೋ ಜನರಿಗೆ. ಲೋರ್ನಾಗೆ ಮಗನ ಲೆಕ್ಕವಾದ್ದರಿಂದ ಹಳದಿಯದು ಜಪನಂಗ್ಕ. ಅದನ್ನೂ ಕೂಗಿ ನೋಡಿದಳು. ಅಂಗಡಿ ಮುಂದೆ ಕೂತಿದ್ದ ಗಂಡಸರಲ್ಲಿ ಕಾಲು ಭಾಗ ಎದ್ದು ನಿಂತರು, ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಊರವರಿಗೆ ನಗಲು ಅಷ್ಟು ಸಾಕಾಯಿತು.

ಲೋರ್ನಾಗೆ ನಗು ಬರಲಿಲ್ಲ. ನಾಯಿ ಮಂಕಾಗುತ್ತಿತ್ತು. ತಾನೇನು ತಪ್ಪು ಮಾಡಿದೆ, ಯಾಕೆ ಯಾರೂ ಕರೆಯುತ್ತಿಲ್ಲ ಎಂದು ಅದು ಮುಖ ಮುಖ ನೋಡುತ್ತಿತ್ತು. ಕಾರು ಹತ್ತುವುದನ್ನು ಬಿಟ್ಟಿತು. ಕಂಬಳಿಗೂ ಬರಲಿಲ್ಲ. ಇಡೀ ದಿನ ಡಲ್ಸಿಯ ಬೀಗ ಹಾಕಿದ ಬಾಗಿಲಲ್ಲಿ ಬಿದ್ದಿರುತ್ತಿತ್ತು, ಇಲ್ಲವೇ ಹಳ್ಳ ದಾಟಿ ಆ ಮೈದುನ ಬೇಟೆಗೆ ಹೋಗುತ್ತಿದ್ದ ದಾರಿ ಹಿಡಿಯುತ್ತಿತ್ತು. ಒಂದು ದಿನ ಹೀಗೇ ಹೋದದ್ದು ವಾಪಸು ಬರುವುದಿಲ್ಲ ಎಂಬ ಭಯ ಅವಳನ್ನು ಹಿಡಿದುಕೊಂಡಿತು.

ಬಂದದ್ದು ಅದಕ್ಕಿಂತ ಕೆಟ್ಟ ದಿನ. ಬಡಗಣ ಗುಡ್ಡಗಳಲ್ಲಿ ಮಳೆಯಾಗಿತ್ತು. ಊರಿನ ಮೇಲೆ ಮೋಡದ ಚೂರೂ ಇರಲಿಲ್ಲ, ಆದರೂ ಒಣಮರಳಿನ ಹಳ್ಳಕ್ಕೆ ಒಮ್ಮೆಲೇ ಕೆಂಪು ನೀರು ನುಗ್ಗಿತು. ಹಳದಿ ನಾಯಿ ನಡುವಿನ ಮರಳ ದಿಬ್ಬದ ಮೇಲಿತ್ತು. ಈ ಕಡೆಯ ಸೆಳೆತ ಇನ್ನೂ ಸಣ್ಣದು, ಈಗಲೇ ಹಾರಿದರೆ ಈಜಿ ಬರಬಹುದು. ತಡಮಾಡಿದರೆ ದಿಬ್ಬವೇ ಉಳಿಯುವುದಿಲ್ಲ. ಮರದ ದಿಮ್ಮಿಗಳು ಉರುಳಿಬರುತ್ತಿದ್ದ ಆ ನೀರಿಗೆ ಮನುಷ್ಯರು ಇಳಿಯುವ ಹಾಗಿರಲಿಲ್ಲ.

ಊರಿಗೆ ಊರೇ ದಡದಲ್ಲಿ ನಿಂತು ಕೂಗಿತು. ಕುಮಂಜಾಯಿ ಅಂದರು, ಜಪನಂಗ್ಕ ಅಂದರು, ಸಿಳ್ಳೆ ಹೊಡೆದರು, ತಟ್ಟೆ ಬಡಿದರು. ನಾಯಿ ಇದ್ಯಾವುದೂ ತನಗಲ್ಲ ಎಂದುಕೊಂಡು ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿತು.

ಒಂದೇ ಒಂದು ಮಾತು. ಅದು ಲೋರ್ನಾಳ ಗಂಟಲವರೆಗೆ ಬಂದಿತ್ತು. ಬಾಯಿ ತೆರೆದೂ ಬಿಟ್ಟಿದ್ದಳು. ಆಗ ವಿಧವೆಯರ ಗುಂಪಿನಲ್ಲಿ ನಿಂತಿದ್ದ ಡಲ್ಸಿ ಕಣ್ಣಿಗೆ ಬಿದ್ದಳು. ಆ ಹೆಸರನ್ನು ಅವಳ ಎದುರು ಕೂಗುವುದೆಂದರೆ ಗಾಯಕ್ಕೆ ಕೈ ಹಾಕಿದ ಹಾಗೆ. ಕೂಗದಿದ್ದರೆ ಮಗ ಹೋಗುತ್ತಾನೆ. ಲೋರ್ನಾ ಅಂಗೈಯಿಂದ ತನ್ನ ಬಾಯನ್ನೇ ಮುಚ್ಚಿಕೊಂಡು ಅಳತೊಡಗಿದಳು.

ಡಲ್ಸಿ ಗುಂಪು ಬಿಟ್ಟು ಬಂದಳು. ನೀರಿನ ಅಂಚಿಗೆ ಇಳಿದು, ನಾಯಿ ತಲೆಯೆತ್ತುವವರೆಗೆ ಕಾದಳು. ಆಮೇಲೆ ಕೈ ಚಾಚಿ, ಬೆರಳುಗಳನ್ನು ಒಳಕ್ಕೆ ಮಡಿಸಿ ತೊಡೆಯ ಕಡೆಗೆ ಎಳೆದುಕೊಂಡಳು. ಬೇಟೆಗೆ ಹೋದಾಗ ಬಾಯಿ ಬಿಟ್ಟರೆ ಕಾಂಗರೂ ಓಡಿಹೋಗುತ್ತದೆ, ಆದ್ದರಿಂದ ಗಂಡ ಹೆಂಡತಿ ಇಬ್ಬರೂ ನಾಯಿಯನ್ನು ಕೈಯಲ್ಲೇ ಕರೆಯುತ್ತಿದ್ದರು. ಮೊಣಕಾಲು ನೋವೆಂದು ಯಾವತ್ತೂ ಬೇಟೆಗೆ ಹೋಗದ ಲೋರ್ನಾಗೆ ಇದು ಗೊತ್ತೇ ಇರಲಿಲ್ಲ.

ನಾಯಿ ನೀರಿಗೆ ಹಾರಿತು. ಮುಳುಗಿತು, ಎದ್ದಿತು, ಸೆಳೆತಕ್ಕೆ ಸಿಕ್ಕಿ ಕೆಳಗೆ ಹೋಗಿ ನೀಲಗಿರಿ ಮರದ ಬೇರಿನ ಬಳಿ ದಡ ಹತ್ತಿತು. ಅಲ್ಲಿಂದ ಓಡಿ ಬರುತ್ತಿದ್ದುದನ್ನು ಕಂಡು ಲೋರ್ನಾ ಮರಳಿನಲ್ಲೇ ಕೂತು ಎರಡೂ ಕೈ ಚಾಚಿದಳು. ಅದು ಅವಳನ್ನು ದಾಟಿ ಡಲ್ಸಿಯ ಹತ್ತಿರ ಹೋಯಿತು. ಮೈ ಕೊಡವಿ ಅವಳನ್ನು ಪೂರ್ತಿ ನೆನೆಸಿ, ಕಾಲಿಗೆ ಒರಗಿ ನಿಂತಿತು.

ಲೋರ್ನಾಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಆಯಿತು. ಸಾಕಿದವಳು ಅವಳು, ಕಂಬಳಿ ಬಿಟ್ಟುಕೊಟ್ಟವಳು ಅವಳು. ಡಲ್ಸಿಗೂ ಅದು ಅರ್ಥವಾಗಿರಬೇಕು. ಅಕ್ಕ, ನಿನ್ನ ಮಗ, ಕರೆದುಕೊಂಡು ಹೋಗು ಎಂದು ಕೈಯಲ್ಲೇ ಹೇಳಿದಳು. ಹೇಳಿ ಮುಗಿಸಿದ ಆ ಕೈ ತಾನಾಗಿಯೇ ನಾಯಿಯ ಒದ್ದೆ ಕುತ್ತಿಗೆಗೆ ಹೋಗಿ ಅಲ್ಲೇ ಉಳಿಯಿತು.

ಲೋರ್ನಾ ಆ ಕೈಯನ್ನು ನೋಡಿದಳು. ಮೂಗು ಒರೆಸಿಕೊಂಡು ಎದ್ದಳು.

"ನಾನು ಕರೆದ್ರೆ ಅದು ಎಲ್ಲಿ ಬರುತ್ತೆ, ಬಿಡು," ಅಂದಳು. "ನನ್ನ ಮಗ ಅಂದ್ರೆ ನಿನಗೂ ಮಗ ಅಲ್ವೇನೇ ತಂಗಿ. ನಿನ್ನತ್ರಾನೇ ಇರ್ಲಿ."

ಡಲ್ಸಿ ತಲೆ ತಗ್ಗಿಸಿ ನಾಯಿಯ ಪಕ್ಕ ಕೂತಳು. ಆ ಹೆಸರನ್ನು ಇನ್ನೊಂದು ಸಲ ಕೇಳಬೇಕೆಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಂಬಲಿಸಿದವರು ಅವಳು ಮತ್ತು ಆ ನಾಯಿ, ಇಬ್ಬರೇ. ಒಬ್ಬರಿಗೊಬ್ಬರು ಒರಗಿಕೊಂಡು, ಹರಿಯುವ ನೀರನ್ನು ನೋಡುತ್ತಿದ್ದರು.