ತಣ್ಣಗಿದೆ ಎಂದು ಬರೆದವಳು

ಹೇಗೆ ಶುರುಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಕೋಣೆ ತುಂಬ ಪಿಟೀಲು, ಕಿಟಕಿಯಲ್ಲಿ ಬಿಸಿಲು ಇತ್ಯಾದಿ ಇತ್ತು. ಹರಿದು ಹಾಕಿದೆ. ವಾಸನೆಯಿಂದ ಶುರುಮಾಡುತ್ತೇನೆ. ಸುಟ್ಟ ವಾರ್ನಿಷಿನ ವಾಸನೆ.

೧

ಮಧ್ಯಾಹ್ನ. ಮನೆಯಲ್ಲಿ ಹಾಡು ಕೇಳುವವರಿಗೆ ಆಂಪ್ಲಿಫೈಯರ್ ಜೋಡಿಸಿ ಮಾರುವ ಪುಟ್ಟ ಕಂಪನಿ. ಅಲ್ಲಿ ಟೆಸ್ಟಿಂಗ್ ಮಾಡುವವಳೇ ನಮ್ಮ ನಾಯಕಿ. (ಹೆಸರು ಹಾಕಿದರೆ ಕಥೆ ಬಿಟ್ಟು ಹೋಗುತ್ತೇನೆ ಎಂದಿದ್ದಾಳೆ.) ಅವಳ ಮುಂದೆ ಆಂಪ್ಲಿಫೈಯರಿನೊಳಗೆ ಕೂರಿಸುವ ಅಂಗೈಯಗಲದ ಮಾಡ್ಯೂಲ್. ಕರೆಂಟನ್ನು ಬಿಸಿಯಾಗಿ ಪೋಲುಮಾಡದೆ ಹೆಚ್ಚುಕಡಿಮೆ ಪೂರ್ತಿ ಸ್ಪೀಕರಿಗೇ ಕೊಡುತ್ತದೆ ಎನ್ನುವುದು ಅದರ ಹೆಗ್ಗಳಿಕೆ. ಮಾರಿದ್ದರಲ್ಲಿ ಒಂದು ಸತ್ತು ವಾಪಸ್ ಬಂದಿತ್ತು. ಹಾಗಾಗಿ ಇನ್ನೊಂದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಓಡಿಸಿ ನೋಡುತ್ತಿದ್ದಳು. ಹತ್ತು ನಿಮಿಷಕ್ಕೆ ತಣ್ಣಗಿತ್ತು. ನಲವತ್ತಕ್ಕೆ ಅದರ ಕಾಯಿಲ್, ಅಂದರೆ ತಂತಿಯ ಸುರುಳಿ, ನೂರು ಡಿಗ್ರಿ ದಾಟಿತು. ತೊಂಬತ್ತು ಡಿಗ್ರಿಗೇ ತಾನಾಗಿ ಆಫ್ ಆಗಬೇಕಿತ್ತು, ಆಗಲಿಲ್ಲ. ಆಮೇಲೆ ಆ ವಾಸನೆ.

ಇದೇ ಮಾದರಿಯ ಮಾಡ್ಯೂಲಿಗೆ ತಿಂಗಳ ಹಿಂದೆ ಅವಳೇ ‘ಒಂದು ಗಂಟೆ ಓಡಿಸಿದೆ, ತಣ್ಣಗಿದೆ’ ಎಂದು ಬರೆದು ಸಹಿ ಹಾಕಿದ್ದಳು. ಓಡಿಸಿದ್ದು ಹತ್ತೇ ನಿಮಿಷ.

೨

“ಅಷ್ಟಕ್ಕೇ ಬಿಟ್ರೆ ನಾನೊಬ್ಳೇ ಕಳ್ಳಿ ಆಗ್ತೀನಿ,” ಎಂದು ಅವಳು ನನ್ನ ಮೇಲೆ ಜಗಳಕ್ಕೆ ಬಂದಳು. “ಕಂಪನಿ ಯಜಮಾನ್ರು ತಲೆ ಮೇಲೆ ನಿಂತಿದ್ರು ಅಂತಾನೂ ಬರೀರಿ.”

“ನಿಂತಿದ್ರಾ?”

“ನಿಂತಿದ್ರು. ‘ಹತ್ತು ನಿಮಿಷಕ್ಕೆ ಬಿಸಿ ಆಗದ್ದು ಗಂಟೆಗೆ ಆಗುತ್ತೇನಮ್ಮಾ? ಬೇಗ ಸಹಿ ಹಾಕು’ ಅಂದ್ರು.”

“ಪೆನ್ನು ಯಾರ ಕೈಲಿತ್ತು?”

(ಪಾತ್ರದ ಬಾಯಿ ಮುಚ್ಚಿಸಿದ ಶೂರ ನಾನು. ಆ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಸಹಿ ಹಾಕುತ್ತಿದ್ದೆ.)

೩

ಆಗ ಅವಳಿಗೆ ತನ್ನ ಅಕ್ಕ ನೆನಪಾದಳು. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕೋಣೆ ತುಂಬ ತುಂಡುಬಟ್ಟೆಯ ರಾಶಿ. ಅದರ ನಡುವೆ ಮರದ ಕಪಾಟಿನೊಳಗೆ ತಂಗಿ ಉಡುಗೊರೆ ಕೊಟ್ಟ, ಅದೇ ಮಾಡ್ಯೂಲಿನ ಆಂಪ್ಲಿಫೈಯರ್ ಬೆಳಗಿನಿಂದ ಹಾಡುತ್ತಿರುತ್ತದೆ.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಕೆಲಸದಲ್ಲಿದ್ದ ಭಾವನಿಗೆ ಮಾಡಿದಳು.

“ಹಾಡು ಜೋರಾಗಿ ಹಾಕಿರ್ತಾಳೆ, ಕೇಳ್ಸಿರಲ್ಲ ಬಿಡು,” ಎಂದು ಭಾವ ನಕ್ಕರು.

ಇಲ್ಲಿ ಅಕ್ಕನಿಂದ ಫೋನ್ ಎತ್ತಿಸಿ ಒಂದು ಡ್ರಾಫ್ಟ್ ಬರೆದಿದ್ದೆ. ನಾಯಕಿ ಅದನ್ನು ಹೊಡೆದು ಹಾಕಿದಳು: “ಎತ್ತಿದ್ರೆ ನಾನ್ಯಾಕೆ ಹಂಗೆ ಓಡ್ತಿದ್ದೆ?”

೪

ಸ್ಕೂಟರ್ ಹತ್ತಿದಳು. ತಿರುವಿನಲ್ಲಿ ಹೊಗೆ ಕಂಡು ಇನ್ನೂ ಜೋರಾಗಿ ಓಡಿಸಿದಳು. ಯಾರೋ ಕಸ ಸುಡುತ್ತಿದ್ದರು. ಮೆಟ್ಟಿಲು ಹತ್ತುವಾಗ ಹಾಡು ಕೇಳಿಸಲಿಲ್ಲ. ಹೊಲಿಗೆ ಮೆಷಿನ್ನಿನ ಸದ್ದೂ ಇಲ್ಲ.

ಮುಕ್ತಾಯ ಅ: ಬಾಗಿಲಿನ ಹಿಡಿ ಮುಟ್ಟಿದರೆ ಬಿಸಿ—

“ನಿಮ್ಮ ದಮ್ಮಯ್ಯ, ಅದನ್ನ ಬರೀಬೇಡಿ,” ಎಂದಳು. ಬರೆಯುವುದಿಲ್ಲ. ನಡೆದದ್ದೂ ಅದಲ್ಲ.

ಅಕ್ಕ ಬಾಗಿಲು ತೆಗೆದಳು. “ಏನೇ ಇದು, ದೆವ್ವ ಕಂಡೋರ ಥರ ಮುಖ? ಫೋನ್ ಒಳಗೆ ಚಾರ್ಜಿಗಿತ್ತು ಕಣೇ. ನಿನ್ನ ಡಬ್ಬ ಏನೋ ವಾಸನೆ ಹೊಡೀತಿತ್ತು, ವೈರು ಕಿತ್ತಾಕ್ದೆ.”

ಕಪಾಟಿನ ಹಲಗೆಯ ಮೇಲೆ ತಟ್ಟೆಯಗಲ ಕಪ್ಪು ಕಲೆ. ಅದರಿಂದ ಗೇಣುದೂರದಲ್ಲಿ ಮಡಿಸಿಟ್ಟ ಬಟ್ಟೆ. ತಂಗಿ ಆ ಬಟ್ಟೆಯನ್ನು ಎತ್ತಿ ದೂರ ಇಟ್ಟಳು.

“ಅಕ್ಕಾ, ನಾನು ಸುಳ್ಳು ಬರ್ದಿದ್ದೆ.”

೫

ಇಲ್ಲಿಗೆ ನಿಲ್ಲಿಸಿದರೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ. ಆದರೆ ಆ ಮಾಡ್ಯೂಲುಗಳು ಇನ್ನೂ ಇಪ್ಪತ್ತೆರಡು ಮನೆಗಳಲ್ಲಿವೆ.

“ಒಂದೆರಡು ಕೆಡ್ತವಮ್ಮಾ, ಊರಿಗೆಲ್ಲ ಡಂಗುರ ಹೊಡೀಬೇಡ,” ಎಂದರು ಯಜಮಾನರು ಫೋನಿನಲ್ಲಿ. ಅವಳು ಕಟ್ ಮಾಡಿ, ಗಿರಾಕಿಗಳ ಪಟ್ಟಿ ತೆರೆದಳು.

“ಅರ್ಧ ನಂಗೆ ಕೊಡು,” ಎಂದು ಅಕ್ಕ ಪಕ್ಕದಲ್ಲಿ ಕೂತಳು.

ಐದು ಗಂಟೆಯ ಹೊತ್ತಿಗೆ ಇಪ್ಪತ್ತೊಂದು ಮನೆಯವರು ವೈರು ಕಿತ್ತಿದ್ದರು. ಕೆಲವರು ಬೈದು ಕಿತ್ತರು. ಕೊನೆಯ ನಂಬರ್ ರಿಂಗಾಗುತ್ತಲೇ ಇತ್ತು.

“ನೀವು ಬರೆಯೋರಲ್ವಾ? ಎತ್ತಿಸ್ರೀ!” ಎಂದಳು ನನಗೆ.

ಎತ್ತಿಸಬಹುದು. ಒಂದು ಸಾಲು ಸಾಕು. ಆದರೆ ಆ ಮನೆಯೊಳಗೆ ನಾನು ನೋಡಿಲ್ಲ.

ಅಕ್ಕ ವಿಳಾಸ ಬರೆದುಕೊಂಡಳು. ಇಬ್ಬರ ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು. ನಾನು ಹಿಂದೆ ಹೋಗಲಿಲ್ಲ, ನನಗೆ ಭಯ. ನೀವು ಹೋಗುವುದಾದರೆ ಹೋಗಿ. ಏನು ಕಂಡಿರೆಂದು ಮಾತ್ರ ನನಗೆ ಬಂದು ಹೇಳಬೇಡಿ.