ಪಾಲಮ್ಮನ ಹೊಟ್ಟೆಕಿಚ್ಚು

ಸಂಜೆ ಚೆನ್ನಾಗಿ ಮೇಯ್ದು ಬಂದ ಕುರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದರೆ ಕುರಿಯವರ ಮನೆಯಲ್ಲಿ ಏನು ಮಾಡುತ್ತಾರೆ? ಚರ್ಮ ಸುಲಿಯುತ್ತಾರೆ, ಮಾಂಸ ಹಂಚಿಕೊಳ್ಳುತ್ತಾರೆ. ಮಾರಿಕಣಿವೆ ಹತ್ತಿರದ ಒಂದು ಹಟ್ಟಿಯಲ್ಲೂ ಹಾಗೇ ನಡೆದುಕೊಂಡು ಬಂದಿತ್ತು. ೧೯೭೪ರ ಮುಂಗಾರು ಶುರುವಾದ ಹೊಸದರಲ್ಲಿ ಗೊಲ್ಲಪ್ಪನ ಕೊಬ್ಬಿದ ಕುರಿಯೊಂದು ಹೀಗೆ ಸತ್ತಿತು. ಹೊಟ್ಟೆ ಉಬ್ಬಿತ್ತು, ಮೂಗಿನಿಂದ ಕಪ್ಪು ರಕ್ತ ಸೋರಿತ್ತು.

ಗೊಲ್ಲಪ್ಪನ ಅತ್ತಿಗೆ ಪಾಲಮ್ಮ ಎದುರು ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಅವಳ ಕಣ್ಣು ಕುರಿಯ ಮೇಲಿರಲಿಲ್ಲ. ಗೊಲ್ಲಪ್ಪನ ಹೆಂಡತಿ ಕೆಂಚಕ್ಕ ಬಾಗಿಲಲ್ಲಿ ಕೂತು ಮಗಳು ಕಾಟಮ್ಮನಿಗೆ ಜಡೆ ಹಾಕುತ್ತಿದ್ದಳು. ಕೂದಲು ಆಗಲೇ ಸೊಂಟ ಮುಟ್ಟಿತ್ತು. ಪಾಲಮ್ಮನ ಹೊಟ್ಟೆ ಉರಿಯಿತು. ದಿನಾ ಉರಿಯುತ್ತಿತ್ತು. ಅವಳ ಮಗಳು ಚಿತ್ತಮ್ಮನೂ ಈ ಕಾಟಮ್ಮನೂ ಒಂದೇ ತಿಂಗಳಲ್ಲಿ ಹುಟ್ಟಿದವರು. ಚಿತ್ತಮ್ಮ ತೀರಿಹೋಗಿ ಎರಡು ವರ್ಷ. ಕಾಟಮ್ಮನಿಗೆ ಹಾಲುಹಲ್ಲು ಬಿದ್ದರೂ ಕಿಚ್ಚು, ಹೊಸ ಲಂಗ ಬಂದರೂ ಕಿಚ್ಚು. ಇದು ಹಟ್ಟಿಗೆಲ್ಲ ಗೊತ್ತಿತ್ತು. ಕೆಂಚಕ್ಕನಂತೂ ಓರಗಿತ್ತಿಯನ್ನು ಕಂಡರೆ ಮಗಳನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತಿದ್ದಳು.

ಗೊಲ್ಲಪ್ಪ ಚೂರಿ ಮಸೆದು ತಂದ. "ಕಾಟಮ್ಮ, ಬಾರವ್ವ, ಕಾಲು ಹಿಡ್ಕ," ಎಂದ.

ಪಾಲಮ್ಮನಿಗೆ ಚಿತ್ತಮ್ಮನ ಪುಟ್ಟ ಕೈ ನೆನಪಾಯಿತು. ಹೀಗೇ ಮೂಗಿನಿಂದ ಕಪ್ಪು ರಕ್ತ ಸೋರಿ ಸತ್ತ ಕುರಿಯನ್ನು ಅಪ್ಪ ಸುಲಿಯುವಾಗ ಅವಳೂ ಕಾಲು ಹಿಡಿದಿದ್ದಳು. ಆಮೇಲೆ ಮುಂಗೈ ಮೇಲೆ ಗುಳ್ಳೆ ಎದ್ದು ನಡುವೆ ಕಪ್ಪಗಾಯಿತು. "ನೋಯಲ್ಲ ಕಣಮ್ಮ," ಎಂದು ನಗುತ್ತಿತ್ತು ಮಗು. ನೋವಿಲ್ಲವಲ್ಲ ಎಂದು ಬೂದಿ ಹಚ್ಚಿ ಸುಮ್ಮನಾದರು. ತೋಳು ಊದಿ ಜ್ವರ ಏರಿದ ಮೇಲೆ ಹಿರಿಯೂರಿಗೆ ಹೊತ್ತುಕೊಂಡು ಹೋದರು. "ಇದು ನೆರಡಿ ರೋಗ. ಮನುಷ್ಯರಿಗೆ ಬರೋದು ಅಪರೂಪ. ಸತ್ತ ಕುರಿಯಿಂದ ಅಂಟಿದೆ. ಗುಳ್ಳೆ ಎದ್ದಾಗಲೇ ತಂದಿದ್ರೆ ಸೂಜಿ ಹಾಕಿ ಉಳಿಸಬಹುದಿತ್ತು," ಎಂದರು ಡಾಕ್ಟರು. ಮಗು ಉಳಿಯಲಿಲ್ಲ.

ಪಾಲಮ್ಮ ಮತ್ತೆ ಮೊರ ಎತ್ತಿಕೊಂಡಳು. ಹಿಡಿಯಲಿ, ಮಗಳು ಹೋದರೆ ಹೇಗಿರುತ್ತದೆಂದು ಕೆಂಚಕ್ಕನಿಗೂ ಗೊತ್ತಾಗಲಿ ಎಂದಿತು ಮನಸ್ಸು. ಕಾಟಮ್ಮ ಕುರಿಯ ಕಾಲಿಗೆ ಕೈ ಚಾಚಿದಳು. ಪಾಲಮ್ಮ ಮೊರ ಬಿಸಾಡಿ ಓಡಿ ಹೋಗಿ ಅವಳ ರಟ್ಟೆ ಹಿಡಿದು ಎಳೆದಳು.

"ಮುಟ್ಟಬ್ಯಾಡ! ಗೊಲ್ಲಪ್ಪ, ಚೂರಿ ಹಾಕಬ್ಯಾಡ. ನನ್ ಚಿತ್ತಮ್ಮನ್ನ ತಿಂದಿದ್ದು ಇದೇ ರೋಗ."

"ಏನ್ ಅತ್ತಿಗೆ, ಡಾಕ್ಟ್ರ ಮಾತು ಬಿಡು, ನಮ್ಮಪ್ಪನ ಕಾಲದಿಂದ ಸುಲ್ಕೊಂಡು ತಿಂದೀವಿ. ನಮಗೇನಾಗೈತೆ?" ಎಂದ ಗೊಲ್ಲಪ್ಪ.

"ಅಕ್ಕಂಗೆ ಹೊಟ್ಟೆಕಿಚ್ಚು," ಎಂದಳು ಕೆಂಚಕ್ಕ. "ನಾವೊಂದು ತುತ್ತು ಉಂಡ್ರೂ ಕಣ್ಣು ಉರೀತವೆ."

"ಹೂಂ ಕಣೆ, ಹೊಟ್ಟೆಕಿಚ್ಚೇ. ನಿನ್ ಮಗಳ ಜಡೆ ನೋಡಿದ್ರೆ ನಂಗೆ ಮುದ್ದೆ ಇಳಿಯಲ್ಲ. ಆದ್ರೆ ಇವಳೂ ಹೋದ್ರೆ, ನನ್ ಮಗಳು ಈಗ ಎಷ್ಟುದ್ದ ಆಗಿರ್ತಿದ್ಲು ಅಂತ ನಾನು ಯಾರನ್ನ ನೋಡಿ ತಿಳ್ಕಳ್ಳಲಿ?"

ಕೆಂಚಕ್ಕ ಎದ್ದು ಬಂದಳು. ಗಂಡನ ಕೈಯಿಂದ ಚೂರಿ ಕಿತ್ತುಕೊಂಡಳು.

"ಮತ್ತೆ ಇದನ್ನೇನ್ ಮಾಡಾಣ?" ಗೊಲ್ಲಪ್ಪ ಗೊಣಗಿದ.

"ಆಳುದ್ದ ಗುಂಡಿ ತೆಗಿ. ಸುಣ್ಣ ಸುರಿದು ಹೂಳು, ನಾಯಿಗೂ ಸಿಗಬಾರ್ದು. ಆಮೇಲೆ ಸೋಪಲ್ಲಿ ಕೈಕಾಲು ತೊಳ್ಕ. ದನದ ಡಾಕ್ಟ್ರಿಗೆ ಹೇಳಿ ಕಳ್ಸಿ ಉಳಿದ ಕುರಿಗೆ ಸೂಜಿ ಹಾಕ್ಸು."

ಗೊಲ್ಲಪ್ಪ ಗುದ್ದಲಿ ತರಲು ಹೋದ.

ಅಕ್ಕಂದಿರೇ, ಅಣ್ಣಂದಿರೇ, ಕುರಿ ದಿಢೀರನೆ ಸತ್ತರೆ ಸುಲಿಯಬೇಡಿ, ತಿನ್ನಬೇಡಿ, ಚರ್ಮ ಮಾರಬೇಡಿ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲೇ ಮಂದೆಗೆಲ್ಲ ಸೂಜಿ ಹಾಕಿಸಿ. ಕುರಿ ಮುಟ್ಟಿದವರ ಮೈಮೇಲೆ ಕಪ್ಪು ಗುಳ್ಳೆ ಎದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನೋವಿಲ್ಲವಲ್ಲ ಎಂದು ಕಾಯಬೇಡಿ. ಪಾಲಮ್ಮ ಕಾದಿದ್ದಳು.